ಮುಂಬೈನೋರು ತುಲುಮ್ ನೋಡೋದಾದ್ರೆ ಹಿಂದಿನ ದಿನವೇ ಹೋಗಿ ಉಳ್ಕೊಳಿ

ಡೊಂಬಿವಿಲಿ, ಮುಲುಂಡ್ ಕಡೆ ನಮ್ಮ ಜನ ಮಕ್ಕಳನ್ನ ನೋಡೋಕೆ ಅಮೆರಿಕಾಗೆ ಹೋದಾಗ ಈಗ ಮೆಕ್ಸಿಕೋದ ಕ್ಯಾನ್‌ಕುನ್‌ಗೂ ಒಂದು ರೌಂಡ್ ಹೊಡೀತಾರೆ. ಅಲ್ಲಿಂದ ಸುಮಾರು 130 ಕಿಮೀ ದಕ್ಷಿಣಕ್ಕೆ ತುಲುಮ್, ಹಿಂದೆ ಮಾಯಾ ಜನ ಸಮುದ್ರದ ಅಂಚಿಗೇ ಕಟ್ಟಿದ್ದ, ಈಗ ಪಾಳುಬಿದ್ದಿರೋ ಊರು. ಎಲ್ರೂ ಮಾಡೋದು ಕ್ಯಾನ್‌ಕುನ್‌ನಿಂದ ಒಂದಿನದ ಟೂರ್. ಅದು ಬೇಡ ಮಾರಾಯ್ರೆ, ಬಸ್ಸು ಬಂದು ಸೇರೋ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತೆ, ಒಳಗೆ ನೆರಳೇ ಇಲ್ಲ, ಮೇಲಿಂದ ದಾದರ್ ಸ್ಟೇಷನ್ ಥರ ಜನ. ಹಿಂದಿನ ದಿನ ಹತ್ರದ ಈಗಿನ ತುಲುಮ್ ಊರಲ್ಲೇ ಉಳ್ಕೊಂಡು ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೆ ನಿಂತಿರಿ. ಭಾನುವಾರ ಅಲ್ಲಿನೋರಿಗೆ ಎಂಟ್ರಿ ಫ್ರೀ, ಅವತ್ತು ಬಿಟ್ಬಿಡಿ.

ವೀಸಾ ವಿಷ್ಯ: ಅಮೆರಿಕ, ಕೆನಡಾ, ಯುಕೆ, ಜಪಾನ್, ಷೆಂಗೆನ್ ಇದ್ರಲ್ಲಿ ಯಾವ್ದಾದ್ರೂ ವ್ಯಾಲಿಡ್ ವೀಸಾ ಪಾಸ್‌ಪೋರ್ಟಲ್ಲಿ ಇದ್ರೆ ಮೆಕ್ಸಿಕೋಗೆ ಬೇರೆ ಬೇಕಾಗಿಲ್ಲ, ಆದ್ರೂ ಟಿಕೆಟ್ ಮಾಡೋ ಮುಂಚೆ ಎಂಬಸಿ ಸೈಟ್ ಒಂದ್ಸಲ ನೋಡ್ಕೊಳಿ, ಇಂಥ ರೂಲ್ಸ್ ಬದಲಾಗ್ತಾ ಇರುತ್ತೆ. ಕ್ಯಾನ್‌ಕುನ್‌ನಿಂದ ತುಲುಮ್‌ಗೆ ಎಡಿಒ ಅನ್ನೋ ಕಂಪನಿ ಬಸ್ ಇದೆ, ಚೀಪಾಗಿ ಬೇಕಂದ್ರೆ ದಾರಿ ಮಧ್ಯದ ಪ್ಲಾಯಾ ದೆಲ್ ಕಾರ್ಮೆನ್ ಊರಿಂದ ಕೊಲೆಕ್ಟಿವೋ, ಅಂದ್ರೆ ನಮ್ಮ ಶೇರ್ ಟ್ಯಾಕ್ಸಿನೇ. ಕ್ಯಾಶಲ್ಲಿ ಪೆಸೊ ಇಟ್ಕೊಳಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಸೀಸನ್, ಬೇಸಿಗೇಲಿ ಸರ್ಗಾಸಮ್ ಅನ್ನೋ ಕಂದು ಪಾಚಿ ದಡಕ್ಕೆ ರಾಶಿ ರಾಶಿ ಬಂದು ಬೀಳುತ್ತೆ, ಅದು ಕೊಳೆತ್ರೆ ಮೂಗು ಮುಚ್ಕೋಬೇಕು, ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗೋದು ವಾಸಿ.

ಒಳಗೆ ಹೋಗ್ತಾನೇ ಗೋಡೆ ನೋಡಿ. ಮೂರು ಕಡೆ ದಪ್ಪ ಕಲ್ಲಿನ ಗೋಡೆ, ನಾಲ್ಕನೇ ಕಡೆ ಸಮುದ್ರನೇ ಕಾವಲು, ಸುಮಾರು 12 ಮೀಟರ್ ಎತ್ತರದ ಬಂಡೆ. 13ರಿಂದ 15ನೇ ಶತಮಾನದಲ್ಲಿ ಇದು ದೋಣಿ ವ್ಯಾಪಾರದ ಬಂದರು, ಅಬ್ಸಿಡಿಯನ್ ಅನ್ನೋ ಗಾಜಿನಂಥ ಕಪ್ಪು ಕಲ್ಲೂ ಇಲ್ಲಿಗೆ ಬರ್ತಿತ್ತು, 1518ರಲ್ಲಿ ಸ್ಪೇನಿನೋರು ಹಡಗಲ್ಲಿ ಹೋಗ್ತಾ ಈ ತೀರ ನೋಡಿದಾಗ ಇನ್ನೂ ಜನ ಇದ್ರು. ಎಲ್ರೂ ಎಲ್ ಕಾಸ್ತಿಯೋ ಅನ್ನೋ ದೊಡ್ಡ ಕಟ್ಟಡದ ಮುಂದೆ ಸೆಲ್ಫಿಗೆ ನಿಂತ್ಬಿಡ್ತಾರೆ, ಅದರ ಮೆಟ್ಟಿಲು ಹತ್ತೋಕೆ ಬಿಡಲ್ಲ. ನೀವು ಅದರ ಪಕ್ಕದ ಪುಟ್ಟ ಗುಡಿ ಹತ್ರ ಹೋಗಿ ಬಾಗಿಲ ಮೇಲೆ ನೋಡಿ: ಗಾರೆಯಲ್ಲಿ ಮಾಡಿದ ದೇವ್ರು ತಲೆಕೆಳಗಾಗಿ, ಕಾಲು ಮೇಲಕ್ಕೆ ಮಡಚ್ಕೊಂಡು, ಆಕಾಶದಿಂದ ಡೈವ್ ಹೊಡೀತಾ ಇದ್ದಂಗಿದೆ. ಜೇನಿನ ದೇವ್ರು ಅಂತ ಕೆಲವರು, ಶುಕ್ರ ಗ್ರಹ ಅಂತ ಇನ್ನು ಕೆಲವರು. ಆಮೇಲೆ ಭಿತ್ತಿಚಿತ್ರದ ಗುಡಿ, ಅದನ್ನ ಹೊರಗಿಂದ್ಲೇ ನೋಡ್ಬೇಕು, ಮೂಲೇಲಿ ಗೋಡೆ ತಿರುಗೋ ಕಡೆ ದೊಡ್ಡ ಮುಖ ಇದೆ, ಎದುರಿಗೆ ನಿಂತ್ರೆ ಕಾಣಲ್ಲ, ಸ್ವಲ್ಪ ಓರೆಗೆ ನಿಲ್ಲಿ. ಕಲ್ಲಿನ ಮೇಲೆ ಇಗ್ವಾನಾ ಅನ್ನೋ ದೊಡ್ಡ ಓತಿಕ್ಯಾತಗಳು ಬಿಸಿಲು ಕಾಯ್ತಾ ಬಿದ್ದಿರುತ್ವೆ, ಏನೂ ಮಾಡಲ್ಲ, ತಿನ್ನೋಕೆ ಕೊಡೋಕ್ ಹೋಗ್ಬೇಡಿ.

ನೀರು, ಟೋಪಿ ಮರೀಬೇಡಿ. ಸಸ್ಯಾಹಾರಿಗಳು ಒಂದು ನೆನಪಿಡಿ, ಫ್ರಿಹೋಲೆಸ್ ಅಂತ ಕೊಡೋ ಕಾಳಿನ ಪಲ್ಯಕ್ಕೆ ಸುಮಾರು ಕಡೆ ಹಂದಿ ಕೊಬ್ಬು ಹಾಕ್ತಾರೆ, ಆರ್ಡರ್ ಮಾಡೋವಾಗ್ಲೇ 'ಸಿನ್ ಮಾಂತೇಕಾ' ಅಂತ ಹೇಳ್ಬಿಡಿ. ಮೆಕ್ಕೆಜೋಳದ ರೊಟ್ಟಿ ತೊರ್ತಿಯಾ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಮೇಲೆ ಅವರ ಹಾಬಾನೇರೋ ಚಟ್ನಿ ಸ್ವಲ್ಪ ಸ್ವಲ್ಪ ಹಾಕ್ಕೊಳಿ, ನಮ್ಮ ಬ್ಯಾಡಗಿ ಅದರ ಮುಂದೆ ಏನೂ ಅಲ್ಲ.