ಮರದ ಮೇಲೆ ಅಕ್ಕಿ ಕೂತಿದೆ: ಪುಟ್ಟ ಮಕ್ಕಳಿಗೆ ಓದು-ಬರಹ ಕಲಿಸುವುದು ಹೇಗೆ?

ಎರಡನೇ ತರಗತಿಯ ಹುಡುಗಿಯೊಬ್ಬಳು ಸ್ಲೇಟು ಹಿಡಿದು ಬಂದಳು. ‘ಮರದ ಮೇಲೆ ಅಕ್ಕಿ ಕೂತಿದೆ’ ಎಂದು ಬರೆದಿದ್ದಳು. ಹಾಸನದ ಹಳ್ಳಿಗಳಲ್ಲಿ ಇದೇನೂ ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಹಾಲು ‘ಆಲು’, ಹಾಸನವೇ ‘ಆಸನ’. ಮಗು ಕಿವಿಗೆ ಬಿದ್ದದ್ದನ್ನೇ ಬರೆದಿದೆ. ದನಿಗೆ ಅಕ್ಷರ ಹೊಂದಿಸುವುದು ಬಂತು ಅಂದರೆ ಅರ್ಧ ಕೆಲಸ ಆದಂತೆ, ಅಲ್ವಾ?

ಮೊದಲು ಕಿವಿ ಪಳಗಲಿ. ಬರೆಸುವ ಮುಂಚೆ ಒಂದು ವಾರ ಚಪ್ಪಾಳೆ ಆಟ ಆಡಿಸಿ. ಕಾ-ಫಿ, ಎರಡು ಚಪ್ಪಾಳೆ. ತೆಂ-ಗಿ-ನ-ಕಾ-ಯಿ, ಐದು.

ಆಮೇಲೆ ಅಕ್ಷರ. 49 ಅಕ್ಷರವನ್ನೂ ಸಾಲಾಗಿ ತಿದ್ದಿಸುತ್ತಾ ಕೂತರೆ ಮಗುವಿಗೆ ಒಂದು ಪದ ಓದುವ ಖುಷಿಯೂ ಬೇಗ ಸಿಗದು. ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಐದೇ ಅಕ್ಷರ. ಅಷ್ಟರಲ್ಲೇ ಸರ, ರಸ, ಅರಸ, ಗರಗಸ ಓದಬಹುದು! ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ತಿದ್ದಿಸಿ. ಪೆನ್ಸಿಲ್‌ಗೆ ಅವಸರ ಬೇಡ.

ಕಾಗುಣಿತವನ್ನೂ ಒಟ್ಟಿಗೆ ಬಾಯಿಪಾಠ ಮಾಡಿಸಬೇಡಿ. ಮೊದಲು ಇಳಿ ಒಂದೇ ಸಾಕು. ಸರಕ್ಕೆ ಇಳಿ ಕೊಟ್ಟರೆ ಸಾರ, ದರಕ್ಕೆ ಕೊಟ್ಟರೆ ದಾರ. ಗುಡಿಸು, ಕೊಂಬು ಆಮೇಲೆ ಒಂದೊಂದಾಗಿ ಬರಲಿ. ಒತ್ತಕ್ಷರವನ್ನು ಅಕ್ಕ, ಅಪ್ಪ, ಅಮ್ಮನಿಂದ ಶುರು ಮಾಡಿ. ಅರ್ಕಾವೊತ್ತು ಕೊನೆಗಿರಲಿ. ‘ಸೂರ್ಯ’ದಲ್ಲಿ ಬಾಯಿ ‘ರ್’ ಅನ್ನು ಮೊದಲು ಹೇಳುತ್ತದೆ, ಕೈ ಅದನ್ನು ‘ಯ’ದ ನಂತರ ಬರೆಯುತ್ತದೆ. ಮಕ್ಕಳು ತಡವರಿಸುವುದು ಸಹಜ.

ಈಗ ಆ ಅಕ್ಕಿಯ ವಿಷಯ. ಇದಕ್ಕೆ ತಾಳ್ಮೆ ಜಾಸ್ತಿ ಬೇಕು. ಜೋಡಿ ಚಿತ್ರಗಳನ್ನು ಬರೆದುಕೊಳ್ಳಿ: ಅಕ್ಕಿ-ಹಕ್ಕಿ, ಆಡು-ಹಾಡು. ಮಗು ಅಂಗೈಯನ್ನು ಬಾಯಿ ಮುಂದೆ ಹಿಡಿದು ಎರಡನ್ನೂ ಹೇಳಲಿ. ‘ಹ’ ಬಂದಾಗ ಕೈಗೆ ಉಸಿರು ತಾಕುತ್ತದೆ. ನೀವು ಪದ ಹೇಳಿ, ಮಗು ಸರಿಯಾದ ಚಿತ್ರ ಮುಟ್ಟಲಿ. ಆಮೇಲೆ ಬರೆಯಲಿ. ದಿನಕ್ಕೆ ಐದು ನಿಮಿಷ ಸಾಕು.

ಆದರೆ ಮನೆಮಾತನ್ನು ದಯವಿಟ್ಟು ಹಂಗಿಸಬೇಡಿ. ಅದು ತಪ್ಪಲ್ಲ, ಅದು ಅವಳ ಅಜ್ಜಿಯ ಮಾತು. ‘ಅಜ್ಜಿ ಹೀಗೆ ಹೇಳ್ತಾರೆ, ಪುಸ್ತಕದಲ್ಲಿ ಹೀಗೆ ಬರೀತಾರೆ’ ಅನ್ನಿ. ಗದರಿದರೆ ಮಗು ಹೆದರಿ ಎಲ್ಲದಕ್ಕೂ ‘ಹ’ ಹಚ್ಚುತ್ತದೆ. ಆನೆ ‘ಹಾನೆ’ ಆಗುತ್ತದೆ. ಹಾಗಾದರೂ ಗಾಬರಿ ಬೇಡ, ಜೋಡಿ ಆಟ ಮುಂದುವರಿಸಿ.

ದಿನವೂ ತನ್ನದೇ ಎರಡು ವಾಕ್ಯ ಬರೆಸಿ. ಕರು ಹಾಕಿದ್ದು, ಮಳೆ ಬಂದದ್ದು, ಏನಾದರೂ ಸರಿ. ಬರೆದದ್ದನ್ನು ಅವಳೇ ಗಟ್ಟಿಯಾಗಿ ಓದಲಿ. ಒಂದು ದಿನಕ್ಕೆ ಒಂದೇ ಬಗೆಯ ತಪ್ಪು ತಿದ್ದಿ. ಹಾಳೆ ತುಂಬ ಕೆಂಪು ಶಾಯಿ ಕಂಡರೆ ನಾಳೆ ಆ ಮಗು ಒಂದೇ ಸಾಲು ಬರೆಯುತ್ತದೆ. ಸುಮ್ನೆ ಹತ್ತು ಸಲ ಬರೆಸುವುದರಿಂದ ಕೈ ನೋಯುತ್ತದೆ ಅಷ್ಟೇ.

ಪೇಟೆಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಿಸಿ. ಬೇಲೂರು, ಅರಸೀಕೆರೆ ಸುಲಭ, ಒತ್ತಕ್ಷರವೇ ಇಲ್ಲ. ಒತ್ತು ಬಂದ ಮೇಲೆ ಚಿಕ್ಕಮಗಳೂರು. ಊರಿಗೆ ಮರಳುವ ಮುಂಚೆ ‘ಹಾಸನ’ ಎಂದು ಬರೆದ ಬೋರ್ಡನ್ನು ಅವಳೇ ಹುಡುಕಲಿ, ಅಂಗೈ ಬಾಯಿ ಮುಂದೆ ಹಿಡಿದು ಓದಲಿ.