ಬಸಿಗಾಲುವೆ ಪಕ್ಕದ ಸೈಟು

ಮೇ ತಿಂಗಳ ಮೊದಲ ವಾರ. ಹೊಸ ಮನೆಯ ಕಾಲಂ ಗುಂಡಿ ತೆಗೆಸಿ ನಾಲ್ಕು ದಿನ ಆಗಿತ್ತು. ರಾತ್ರಿ ಒಂಬತ್ತಕ್ಕೆ ಹಿಡಿದ ಭರಣಿ ಮಳೆ ಒಂದೂವರೆ ಗಂಟೆ ಬಿಡದೆ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಹನ್ನೆರಡು ಗುಂಡಿಗೆ ಹನ್ನೆರಡೂ ತುಂಬಿ ನಿಂತಿವೆ. ಒಂದರಲ್ಲಿ ಕಪ್ಪೆ ಬೇರೆ. ಬರೀ ಮೇಲಿಂದ ಬಿದ್ದ ನೀರಾಗಿದ್ದರೆ ಅಷ್ಟು ತುಂಬುತ್ತಿರಲಿಲ್ಲ. ಇಡೀ ರಸ್ತೆಯ ನೀರು ನನ್ನ ಸೈಟಿಗೇ ಇಳಿದಿತ್ತು. ಎರೆಮಣ್ಣು ಕುಸಿದು ಮೂರು ಗುಂಡಿಯ ತಳದ ಕಾಂಕ್ರೀಟು ಕೆಸರಲ್ಲಿ ಮುಚ್ಚಿಹೋಗಿತ್ತು.

ಮೇಸ್ತ್ರಿ ಗುಂಡಿ ಅಂಚಲ್ಲಿ ಕೂತು ಒಂದೇ ಮಾತು ಹೇಳಿದರು. "ಮೊದ್ಲು ನೀರಿಗೆ ದಾರಿ ಮಾಡ್ರಿ ಸಾರ್. ಮನೆ ಎಲ್ಲೂ ಓಡಿಹೋಗಲ್ಲ."

ನನ್ನದು ದಾವಣಗೆರೆಯಲ್ಲಿ, ಶಾಮನೂರಿನ ಆಚೆ, 30-40ರ ಸೈಟು. ಹಿಂದೆ ಭದ್ರಾ ನಾಲೆ ನೀರಿನ ಭತ್ತದ ಗದ್ದೆ ಇದ್ದ ಜಾಗ. ಸೈಟು ಕೊಳ್ಳುವಾಗ ತೋರಿಸಿದ ನಕ್ಷೆಯಲ್ಲಿ ರಸ್ತೆಯ ಎರಡೂ ಕಡೆ ಚರಂಡಿಯ ಗೆರೆ ಇತ್ತು. ನೆಲದ ಮೇಲೂ ಇತ್ತು, ಆದರೆ ನನ್ನ ಸೈಟಿಗಿಂತ ಮೂರು ಸೈಟು ಮುಂಚೆಯೇ ನಿಂತುಹೋಗಿತ್ತು. ಕಾಂಕ್ರೀಟಿನ ಬಾಯಿ ತೆರೆದುಕೊಂಡು ಹುಲ್ಲಿಗೆ ನೀರು ಬಿಡುತ್ತಿತ್ತು. ಇದನ್ನ ನಾನು ನೋಡಿರಲಿಲ್ಲ ಅಂತಲ್ಲ. ನೋಡಿದ್ದೆ, "ಮುಂದಕ್ಕೆ ಮಾಡ್ತಾರೆ ಬಿಡು" ಅಂದುಕೊಂಡಿದ್ದೆ. ಸೈಟನ್ನ ಜನವರಿಯಲ್ಲಿ ನೋಡಿದ್ದು ದೊಡ್ಡ ತಪ್ಪು. ಮಳೆ ಇಲ್ಲದಾಗ ಎಲ್ಲ ಸೈಟೂ ಚೆನ್ನಾಗೇ ಕಾಣುತ್ತೆ.

ಲೇಔಟ್ ಮಾಡಿದವರು ಎರಡು ಸಲ ಫೋನ್ ಎತ್ತಿದರು, ಆಮೇಲೆ ಎತ್ತಲಿಲ್ಲ. ಚರಂಡಿ ನೋಡಿಕೊಳ್ಳುವ ಸರ್ಕಾರಿ ಕಚೇರಿಯಲ್ಲಿ "ಲೇಔಟ್ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ" ಅಂದರು. ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದೆ. ಆ ಒಂದು ಕಾಗದ ಆಮೇಲೆ ಉಪಯೋಗಕ್ಕೆ ಬಂತು.

ನೀರಿನ ದಾರಿ ತೋರಿಸಿದ್ದು ಎಮ್ಮೆ ಮೇಯಿಸಲು ಬರುತ್ತಿದ್ದ ಒಬ್ಬ ಅಜ್ಜ. ಪಂಪು ಹಚ್ಚಿ ಗುಂಡಿ ನೀರು ತೆಗೆಯುತ್ತಿದ್ದಾಗ ಕೋಲು ಊರಿಕೊಂಡು ನಿಂತು ನೋಡುತ್ತಿದ್ದರು. "ಇಲ್ಲಿ ಬಸಿಗಾಲುವೆ ಇತ್ತಲ್ಲ ತಮ್ಮ, ನೀರು ಇನ್ನೆಲ್ಲಿಗೆ ಹೋಗ್ಬೇಕು?" ಅಂದರು. ಗದ್ದೆಗೆ ನೀರು ತರುವ ಕಾಲುವೆ ಒಂದಾದರೆ, ಹೆಚ್ಚಾದ ನೀರನ್ನ ಹಳ್ಳಕ್ಕೆ ಒಯ್ಯುವ ಬಸಿಗಾಲುವೆ ಇನ್ನೊಂದು. ಲೇಔಟ್ ಮಾಡುವಾಗ ಅದಕ್ಕೆ ಮಣ್ಣು ತುಂಬಿ ಸೈಟು ಮಾಡಿದ್ದಾರೆ. "ಯಾವ ಕಡೆ ಹರೀತಿತ್ತು ಅಜ್ಜಾರೆ?" ಅಂತ ಕೇಳಿದೆ. ನನ್ನನ್ನ ಕರಕೊಂಡು ಹೋಗಿ ಜಾಲಿ ಪೊದೆಯಲ್ಲಿ ಕೋಲು ತೂರಿಸಿದರು. ಟಣ್ ಅಂತು. ದೊಡ್ಡ ರಸ್ತೆಯ ಅಡಿಯಲ್ಲಿ ಹಳೇ ಮೋರಿ. ಅರ್ಧ ಹೂಳು ತುಂಬಿತ್ತು, ಆದರೆ ಆಚೆ ಬದಿಯಲ್ಲಿ ಹಳ್ಳ ಜೀವಂತ ಇತ್ತು. ನನ್ನ ಸೈಟಿನಿಂದ ಅಲ್ಲಿಗೆ ಸರಿಯಾಗಿ 180 ಅಡಿ.

ಇನ್ನು ಮಟ್ಟ ನೋಡಬೇಕಿತ್ತು. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಟ್ಯೂಬು ಸಾಕು, ಆ ಬೆರಳು ದಪ್ಪದ ಪಾರದರ್ಶಕ ಪೈಪು. ನಾನೇ 50 ಅಡಿ ಹೊಸದು ತಂದೆ. ಬಿಸಿಲಲ್ಲಿ ಬರೀ ನೀರು ಕಾಣಲ್ಲ, ಅದಕ್ಕೆ ಒಂದು ಚಿಟಿಕೆ ಅರಿಶಿನ ಕಲಸಿ ತುಂಬಿದೆ. ಒಳಗೆ ಗಾಳಿ ಗುಳ್ಳೆ ಒಂದೂ ಇರಬಾರದು. ಇದ್ದರೆ ಅಳತೆಯೆಲ್ಲ ಸುಳ್ಳು. ಒಂದು ತುದಿ ಮಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ರಸ್ತೆಯ ಯುಜಿಡಿ (ನೆಲದಡಿಯ ಒಳಚರಂಡಿ) ಚೇಂಬರ್ ಮುಚ್ಚಳವನ್ನ ಸೊನ್ನೆ ಅಂತ ಇಟ್ಟುಕೊಂಡೆ, ಅದು ಅಲ್ಲಾಡಲ್ಲ ಅಂತ. ಅಲ್ಲಿಂದ ಗೂಟ ಹೊಡೆದುಕೊಂಡು ನಾಲ್ಕು ನೆಗೆತದಲ್ಲಿ ಮೋರಿಗೆ ಹೋದೆವು. ಪ್ರತಿ ಗೂಟದ ಅಳತೆ ನೋಟ್‌ಬುಕ್ಕಲ್ಲಿ ಬರೆದೆ, ವಾಪಸ್ ಬರುವಾಗ ಇನ್ನೊಮ್ಮೆ ಅಳೆದೆ. ಮೊದಲ ಸಲ ಮೂರು ಇಂಚು ತಪ್ಪು ಬಂತು. ಮಗ ತನ್ನ ಕಡೆಯ ತುದಿಗೆ ಹೆಬ್ಬೆರಳು ಒತ್ತಿಕೊಂಡು ನಿಂತಿದ್ದ!

ಕೊನೆಗೆ ಸಿಕ್ಕ ಲೆಕ್ಕ ಇದು. ಸೈಟಿನ ಮುಂಭಾಗ ಸೊನ್ನೆಗಿಂತ 6 ಇಂಚು ಕೆಳಗೆ, ಹಿಂಭಾಗ 15 ಇಂಚು ಕೆಳಗೆ. ಮೋರಿಯ ತಳ, ಹೂಳು ತೆಗೆದ ಮೇಲೆ, 42 ಇಂಚು ಕೆಳಗೆ. ಚರಂಡಿಯನ್ನ ನನ್ನ ಗೇಟಿನ ಹತ್ತಿರ 9 ಇಂಚು ಆಳದಿಂದ ಶುರು ಮಾಡಿದರೂ ಮೋರಿಯ ತನಕ 27 ಇಂಚು ಇಳಿಜಾರು ಉಳಿಯುತ್ತೆ. ಅಂದರೆ 80 ಅಡಿಗೆ ಒಂದಡಿ. 100ಕ್ಕೆ ಒಂದು ಸಿಕ್ಕಿದರೂ ನೀರು ಆರಾಮಾಗಿ ಹೋಗುತ್ತೆ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಆದರೆ ದಾರಿ ಗೊತ್ತಾದ ತಕ್ಷಣ ಚರಂಡಿ ಆಗಲ್ಲವಲ್ಲ. ನಡುವೆ ಐದು ಸೈಟು. ಅದರಲ್ಲಿ ಮನೆ ಇದ್ದದ್ದು ಎರಡರಲ್ಲಿ, ಒಬ್ಬ ಮಾಲೀಕರು ಬೆಂಗಳೂರಲ್ಲಿ. ಅವರನ್ನ ಒಪ್ಪಿಸುವಷ್ಟರಲ್ಲಿ ನಾನು ಅಡ್ಡದಾರಿಗಳನ್ನೂ ನೋಡಿದೆ.

ಮೊದಲನೇದು ಎಲ್ಲರೂ ಹೇಳುವುದು, "ಮಳೆ ನೀರನ್ನೂ ಯುಜಿಡಿಗೇ ಕೊಟ್ಬಿಡ್ರಿ, ಯಾರು ನೋಡ್ತಾರೆ?" ದಯವಿಟ್ಟು ಮಾಡಬೇಡಿ. ಆ ಪೈಪು ಬಚ್ಚಲು, ಶೌಚದ ನೀರಿನ ಲೆಕ್ಕಕ್ಕೆ ಹಾಕಿರುವುದು. ಮಳೆ ನೀರಿನ ಲೆಕ್ಕ ನೋಡಿ: ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಬಿದ್ದರೆ ಒಂದು ಲೀಟರ್. 30-40 ಸೈಟು ಅಂದರೆ ಸುಮಾರು 111 ಚದರ ಮೀಟರ್. 50 ಮಿ.ಮೀ. ಮಳೆ ಹೊಡೆದರೆ ಐದೂವರೆ ಸಾವಿರ ಲೀಟರ್. ಹೆಚ್ಚುಕಮ್ಮಿ ಒಂದು ಟ್ಯಾಂಕರ್ ನೀರು, ಅದೂ ಒಂದೇ ಮನೆಯಿಂದ. ಪಕ್ಕದ ಕ್ರಾಸಿನಲ್ಲಿ ನಾಲ್ಕು ಮನೆಯವರು ಹೀಗೆ ಜೋಡಿಸಿದ್ದರು. ತಗ್ಗಿನಲ್ಲಿದ್ದ ಐದನೇ ಮನೆಯ ಬಚ್ಚಲ ಜಾಲರಿಯಿಂದ ನೀರು ಉಕ್ಕಿತು. ಯಾವ ನೀರು ಅಂತ ಬಿಡಿಸಿ ಹೇಳಬೇಕಾ?

ಎರಡನೇದು ಇಂಗುಗುಂಡಿ. ಇದನ್ನ ನಾನು ಮಾಡಿಯೇಬಿಟ್ಟೆ. ಮುಂದಿನ ಮೂಲೆಯಲ್ಲಿ ನಾಲ್ಕಡಿ ಅಗಲ, ಆರಡಿ ಆಳ, ಸಿಮೆಂಟ್ ರಿಂಗು, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಮರಳು. ವಿಡಿಯೋಗಳಲ್ಲಿ ತೋರಿಸುವ ಹಾಗೇ ಇತ್ತು. ಮೊದಲ ಮಳೆಗೆ ತುಂಬಿತು. ಎಂಟನೇ ದಿನ ಹೋಗಿ ನೋಡಿದರೂ ತುಂಬಿಯೇ ಇತ್ತು, ಸೊಳ್ಳೆ ಮರಿ ಕುಣಿಯುತ್ತಿದ್ದವು. ಎರೆಮಣ್ಣು ಒದ್ದೆಯಾದ ಮೇಲೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತೆ, ಆಮೇಲೆ ನೀರು ಕುಡಿಯಲ್ಲ. ಗುಂಡಿ ತೆಗೆಯುವ ಮುಂಚೆ ಒಂದಡಿ ಕುಣಿ ತೋಡಿ, ನೀರು ತುಂಬಿ ಒಂದು ದಿನ ನೆನೆಯಲು ಬಿಟ್ಟು, ಮಾರನೇ ದಿನ ಮತ್ತೆ ತುಂಬಿ ಎಷ್ಟು ಇಳಿಯುತ್ತೆ ಅಂತ ನೋಡಿದ್ದರೆ ಸಾಕಿತ್ತು. ಹದಿನೆಂಟು ಸಾವಿರ ಉಳಿಯುತ್ತಿತ್ತು. ಒಂದು ಪುಣ್ಯ, ಅದನ್ನ ಪಾಯದಿಂದ ಹತ್ತಡಿ ದೂರ ಮಾಡಿಸಿದ್ದೆ. ಎರೆ ನೆಲದಲ್ಲಿ ಪಾಯದ ಪಕ್ಕ ನೀರು ನಿಂತರೆ ಮಣ್ಣು ಉಬ್ಬಿ, ಬೇಸಿಗೆಗೆ ಕುಗ್ಗಿ, ಗೋಡೆ ಬಿರುಕು ಬಿಡುತ್ತೆ. ಈಗ ಅದೇ ಗುಂಡಿಯ ಕಲ್ಲು, ಮರಳು ತೆಗೆಸಿ ಹೂಳು ನಿಲ್ಲುವ ಚೇಂಬರ್ ಮಾಡಿಕೊಂಡಿದ್ದೇನೆ. ನೀರು ಅಲ್ಲಿ ಮಣ್ಣು ಬಿಟ್ಟು ಚರಂಡಿಗೆ ಹೋಗುತ್ತೆ. ಮೇಲೆ ಸೊಳ್ಳೆ ನುಗ್ಗದ ಹಾಗೆ ಬಿಗಿ ಮುಚ್ಚಳ.

ಚರಂಡಿಯ ವಿಷಯಕ್ಕೆ ಬಂದರೆ, ಐದರಲ್ಲಿ ನಾಲ್ಕು ಜನ ಒಪ್ಪಿದರು. ಸೀಲು ಬಿದ್ದ ಆ ಅರ್ಜಿ ಹಿಡಿದುಕೊಂಡು ನಾಲ್ಕೂ ಜನ ಒಟ್ಟಿಗೆ ಕಚೇರಿಗೆ ಹೋದೆವು. ರಸ್ತೆಗೆ ಅಡ್ಡ ಆಗಬಾರದು, ಮುಂದೆ ಸರ್ಕಾರಿ ಚರಂಡಿ ಬಂದಾಗ ಬಿಟ್ಟುಕೊಡಬೇಕು ಅಂತ ಬರೆಸಿಕೊಂಡು ಒಪ್ಪಿದರು. ಕಂಟ್ರಾಕ್ಟರ್ ಪೈಪು ಹಾಕೋಣ ಅಂದರು, ಬೇಗ ಆಗುತ್ತೆ ಅಂತ. ನಾನು ತೆರೆದ ಚರಂಡಿಯೇ ಬೇಕು ಅಂತ ಹಠ ಹಿಡಿದೆ. ಸೈಜುಗಲ್ಲಿನ ಗೋಡೆ, ಒಂದಡಿ ಅಗಲ, ಮೇಲೆ ಇಬ್ಬರು ಎತ್ತಬಹುದಾದ ಕಡಪ ಚಪ್ಪಡಿ. ಕೆಲಸ ನಡೆಯುತ್ತಿರುವ ಲೇಔಟಲ್ಲಿ ಎಂ-ಸ್ಯಾಂಡು, ಗರಸು, ಸಿಮೆಂಟ್ ಚೀಲ ಎಲ್ಲ ಚರಂಡಿಗೇ ಬರುತ್ತೆ. ಪೈಪು ಕಟ್ಟಿಕೊಂಡರೆ ಎಲ್ಲಿ ಅಂತ ಹುಡುಕೋದು?

ಮನೆಯ ಅಂಗಳದ ಇಳಿಜಾರನ್ನೂ ತಿರುಗಿಸಬೇಕಾಯಿತು. ಹಿಂದಕ್ಕೆ ಇಳಿಯುತ್ತಿದ್ದ ಸೈಟು ಮುಂದಕ್ಕೆ ಇಳಿಯಬೇಕು ಅಂದರೆ ಹಿಂದೆ ಒಂದೂವರೆ ಅಡಿ ಗರಸು ಏರಿಸಬೇಕು. ಹಿಂದಿನ ಸೈಟಿನವರು ಬಂದು, "ನಿಮ್ಮ ಗರಸು ಮಳೆಗೆ ನಮ್ಮ ಕಡೆ ಜಾರುತ್ತೆ, ನಿಮ್ಮ ನೀರೂ ನಮಗೇ ಬರುತ್ತೆ" ಅಂತ ಜೋರು ಮಾಡಿದರು. ಅವರು ಹೇಳಿದ್ದು ನ್ಯಾಯವೇ. ಹಿಂದಿನ ಕಾಂಪೌಂಡಿನ ಕೆಳಭಾಗ ಸೈಜುಗಲ್ಲಿನಲ್ಲಿ ಕಟ್ಟಿಸಿ, ನೋಟ್‌ಬುಕ್ಕಿನ ಲೆಕ್ಕ ತೋರಿಸಿದ ಮೇಲೆ ಸಮಾಧಾನ ಆದರು. ಪ್ಲಿಂತ್, ಅಂದರೆ ಮನೆಯ ನೆಲದ ಮಟ್ಟ, ರಸ್ತೆಗಿಂತ ಎರಡೂವರೆ ಅಡಿ ಎತ್ತರ ಇಟ್ಟೆ. ಎರಡಡಿ ಸಾಕು ಅನ್ನುತ್ತಾರೆ, ಆದರೆ ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತೆ, ಮನೆ ಏರಲ್ಲ. ಮನೆ ಸುತ್ತ ಮೂರಡಿ ಅಗಲದ ಕಾಂಕ್ರೀಟು, ಹೊರಕ್ಕೆ ಒಂದೂವರೆ ಇಂಚು ಇಳಿಜಾರು. ಗೇಟಿನಲ್ಲಿ ಅಡ್ಡಕ್ಕೆ ಜಾಲರಿ ಹಾಕಿದ ಸಣ್ಣ ಕಾಲುವೆ.

ಮಾವನವರದ್ದು ಒಂದೇ ಪಟ್ಟು, ವಾಸ್ತು ಪ್ರಕಾರ ನೀರು ಈಶಾನ್ಯಕ್ಕೆ ಹೋಗಬೇಕು. ಮೋರಿ ಇರುವುದು ನೈರುತ್ಯಕ್ಕೆ! ಕೊನೆಗೆ ನೀರಿನ ಸಂಪು ಈಶಾನ್ಯದಲ್ಲಿ ಮಾಡಿಸಿ, ತಾರಸಿಯ ನೀರನ್ನ ಮರಳಿನ ಫಿಲ್ಟರ್ ದಾಟಿಸಿ ಮೊದಲು ಅಲ್ಲಿಗೆ ಬಿಟ್ಟೆ. ಏಳಡಿ ಉದ್ದ, ಏಳಡಿ ಅಗಲ, ಆರಡಿ ಆಳ, ಎಂಟು ಸಾವಿರ ಲೀಟರಿಗೆ ಸ್ವಲ್ಪ ಮೇಲೆ. ಅದು ತುಂಬಿದ ಮೇಲೆ ಉಳಿದದ್ದು ನಾಲ್ಕಿಂಚಿನ ಪೈಪಲ್ಲಿ ಚರಂಡಿಗೆ. ಇಬ್ಬರಿಗೂ ಖುಷಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಪೈಪಿನ ತುದಿ ಚರಂಡಿಯ ತುಂಬು ಮಟ್ಟಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಜೋರು ಮಳೆಯಲ್ಲಿ ಚರಂಡಿ ನೀರು ತಿರುಗಿ ಸಂಪಿಗೆ ಬರುತ್ತೆ. ಇದಕ್ಕೇ ಸಂಪಿನ ಬಾಯಿಯನ್ನ ನೆಲದಿಂದ ಒಂದಡಿ ಎತ್ತರಿಸಿದೆ. ಜೊತೆಗೆ ಪೈಪಿನ ತುದಿಗೆ ನೀರು ವಾಪಸ್ ಬರದ ಹಾಗೆ ವಾಲ್ವ್ ಹಾಕಿಸಿದೆ.

ಗೃಹಪ್ರವೇಶ ಆಗಿ ಎರಡು ಮಳೆಗಾಲ ಕಳೆದಿವೆ. ಮೊದಲ ವರ್ಷ ಚಿತ್ತೆ ಮಳೆ ರಾತ್ರಿ ಹನ್ನೊಂದಕ್ಕೆ ಬಂತು. ಟಾರ್ಚು ಹಿಡಿದು ಮೋರಿಯ ತನಕ ನಡೆದೆ. ನೀರು ಕೆಂಪಗೆ, ಅರ್ಧ ಚರಂಡಿ ತುಂಬಿ ಓಡುತ್ತಿತ್ತು. ಮೂರನೇ ಚಪ್ಪಡಿಯ ಹತ್ತಿರ ಮಾತ್ರ ಉಕ್ಕುತ್ತಿತ್ತು. ಕೈ ಹಾಕಿದರೆ ಸಿಮೆಂಟ್ ಚೀಲ, ಅದರೊಳಗೆ ಒಂದು ಹವಾಯಿ ಚಪ್ಪಲಿ. ಎಳೆದ ಕೂಡಲೇ ಗುಳುಗುಳು ಅಂತ ಇಳಿಯಿತು. ಅಂದಿನಿಂದ ಯುಗಾದಿ ಆದ ಮೇಲೆ ಒಂದು ಭಾನುವಾರ ಚಪ್ಪಡಿ ಎತ್ತಿ ಹೂಳು ತೆಗೆಸುತ್ತೇವೆ. ಎರಡು ಆಳು, ಅರ್ಧ ದಿನ.

ಪಾಲು ಕೊಡದೇ ಉಳಿದಿದ್ದ ಬೆಂಗಳೂರಿನವರು ಈಗ ಮನೆ ಶುರು ಮಾಡಿದ್ದಾರೆ. ಹೋದ ವಾರ ಬಂದು ಮಟ್ಟ ನೋಡಲು ಟ್ಯೂಬು ಕೇಳಿದರು. ಕೊಟ್ಟೆ. ಚರಂಡಿಯ ದುಡ್ಡಿನ ಮಾತು ಅವರೂ ಎತ್ತಲಿಲ್ಲ. ಟ್ಯೂಬು ವಾಪಸ್ ಕೊಡಲು ಬಂದಾಗ ನಾನೇ ಎತ್ತಬೇಕು.