ಬಾಡಿಗಿ ಸ್ಕೀ ಆರಿಸೋದು ಹೆಂಗ? ಮದ್ಲ ಅದರ ನಡಾ ನೋಡ್ರಿ

ನಮ್ಮ ಧಾರವಾಡದ ಗೆಳ್ಯಾರು ನಾಕ್ ಮಂದಿ ಈ ಚಳಿಗಾಲಕ್ಕ ಗುಲ್ಮರ್ಗ್‌ಗೆ ಸ್ಕೀ ಕಲ್ಯಾಕ ಹೊಂಟಾರ, ದಿನಾ ಫೋನ್ ಮಾಡಿ ಜಾಕೆಟ್ ಯಾವ್ದು ತಗೋಬೇಕು, ಕೈಗವಸು ಎಷ್ಟು ದಪ್ಪ ಇರಬೇಕು, ಹುಬ್ಬಳ್ಳಿಂದ ದಿಲ್ಲಿಗೆ ಟ್ರೇನಾ ಫ್ಲೈಟಾ ಇದನ್ನ ಕೇಳ್ತಾರ, ಆದ್ರ ಕಾಲಿಗೆ ಕಟ್ಕೊಳ್ಳೋ ಸ್ಕೀ ಬಗ್ಗೆ ಒಬ್ರೂ ಒಂದ್ ಮಾತು ಕೇಳಿಲ್ಲ. ನಾನೂ ಮದ್ಲ ಸಲ ಹೋದಾಗ ಅಂಗಡ್ಯಾಂವ ಕೊಟ್ಟಿದ್ದ ಹಾಕ್ಕೊಂಡಿದ್ದೆ. ಅಂವ ಕೊಟ್ಟಿದ್ದು 190 ಸೆಂಟಿಮೀಟರ್ ಉದ್ದದ್ದು, ಹಳೇದು, ಈ ತುದಿಂದ ಆ ತುದಿಮಟಾ ಹಲಗಿ ಹಂಗ ನೆಟ್ಟಗ. ಮೂರು ದಿನ ಒಂದ್ ಚಲೋ ತಿರುವು ಬರಲಿಲ್ಲ, ಮೊಣಕಾಲು ನೋವು ಬೇರೆ. ನಾಕನೇ ದಿನ ಕಲಿಸೋ ಮಾಸ್ತರು ಅದನ್ನ ನೋಡಿ, ಇದು ನಿಂದಲ್ಲ ಅಂತ ಕಿತ್ತಿಸಿ 155ರದ್ದು ನಡಾ ಸಣ್ಣ ಇರೋದು ಕೊಡಿಸಿದ್ರು, ಅವತ್ತ ಮಧ್ಯಾಹ್ನ ಎಡಕ್ಕೂ ಬಲಕ್ಕೂ ತಿರುಗಾಕ ಹತ್ತಿದೆ. ಅದಕ್ಕ ಇದನ್ನ ಬರಿಯಾಕತ್ತೇನಿ, ನಿಮ್ಮ ಮೂರು ದಿನ ಉಳೀಲಿ ಅಂತ.

ಅಂಗಡ್ಯಾಗ ಸ್ಕೀ ಕೈಗೆ ಬಂದ್ ಕೂಡ್ಲೆ ಅದನ್ನ ಗೋಡಿಗೆ ನಿಲ್ಲಿಸಿ ನಾಕ್ ಹೆಜ್ಜಿ ಹಿಂದ ಸರದು ನೋಡ್ರಿ. ಡಮರುಗ ಇದ್ದಂಗ ಮ್ಯಾಲ ಅಗಲ, ನಡುವ ಸಣ್ಣ, ಕೆಳಗ ಮತ್ತ ಅಗಲ ಕಾಣಬೇಕು. ಈ ನಡಾ ಹೊಸಾದೇನಲ್ಲ, 19ನೇ ಶತಮಾನದಾಗ ನಾರ್ವೆದ ಟೆಲಿಮಾರ್ಕ್ ಸೀಮ್ಯಾಗ ಮೋರ್ಗೆಡಾಲ್ ಅನ್ನೋ ಊರಾಗ ಸೋಂದ್ರೆ ನೋರ್ಹೈಮ್ ಅಂತ ಒಬ್ಬ ರೈತಾಪಿ ಮನಷ್ಯಾ ಇದ್ದ, ಅಂವ ನಡು ಸಣ್ಣ ಮಾಡಿದ ಗಿಡ್ಡ ಸ್ಕೀ ಹಾಕ್ಕೊಂಡು, ಹಿಮ್ಮಡಿ ಹಿಡಿಯೋ ಹಂಗ ಗಿಡದ ಬೇರು ಹೊಸೆದು ಕಟ್ಕೊಂಡು ಗುಡ್ಡ ಇಳದು ತಿರುಗಿ ತೋರಿಸಿದ. ಅದ್ರ ಮುಂದ ನೂರು ವರ್ಷ ಸ್ಕೀ ಮಾಡೋರು ಆ ನಡಾನ ಭಾಳ ದೊಡ್ಡದು ಮಾಡಲಿಲ್ಲ, 200 ಸೆಂಟಿಮೀಟರ್ ಉದ್ದದ್ದು ಹಾಕ್ಕೊಂಡು ಹಿಂಬದಿ ಝಾಡಿಸಿ ಜಾರಿಸಿ ತಿರುಗ್ತಿದ್ರು, ಅದಕ್ಕ ಕಾಲಾಗ ತಾಕತ್ತೂ ಬೇಕು ವರ್ಷಗಟ್ಟಲೆ ರೂಢಿನೂ ಬೇಕು.

ಎಲ್ಲಾ ಬದಲಾಗಿದ್ದು 1990ರ ದಶಕದಾಗ. ಸ್ಲೊವೇನಿಯಾದ ಎಲಾನ್ ಕಂಪನಿಯೊಳಗ ಯುರಿ ಫ್ರಾಂಕೊ, ಪಾವೆಲ್ ಶ್ಕೋಫಿಚ್ ಅನ್ನೋ ಇಬ್ರು ಎಂಜಿನಿಯರ್‌ಗಳು ನಡಾ ಕಡಿದು ಕಡಿದು ಎಸ್‌ಸಿಎಕ್ಸ್ ಅನ್ನೋ ಸ್ಕೀ ಮಾಡಿದ್ರು, ಅದು ಬಂದ ಮ್ಯಾಲ ಉಳಿದ ಕಂಪನಿಗೋಳೂ ಅದ ದಾರಿ ಹಿಡದ್ವು. ಇವತ್ತು ನೀವು ಒಂದ್ ವಾರದಾಗ ತಿರುಗಾಕ ಕಲೀತೀರಿ ಅಂದ್ರ ಅದಕ್ಕ ದೊಡ್ಡ ಕಾರಣ ಇದ, ನನ್ನ ಕೇಳಿದ್ರ ಸ್ಕೀ ಇತಿಹಾಸದಾಗ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಅದು ಹೆಂಗ ಕೆಲಸ ಮಾಡ್ತೈತಿ ಅಂತ ಮನ್ಯಾಗ ಕುಂತ ತಿಳ್ಕೋಬಹುದು. ಹಳೇ ಲಗ್ನಪತ್ರಿಕಿ ಇದ್ದ ಇರ್ತಾವು, ಗಟ್ಟಿ ಕಾಗದದ್ದು ಒಂದು ತಗೊಂಡು ಡಮರುಗದ ಆಕಾರಕ್ಕ ಉದ್ದಕ ಕತ್ತರಿಸ್ರಿ, ಟೇಬಲ್ ಮ್ಯಾಲ ಒಂದ್ ಮಗ್ಗಲಕ್ಕ ವಾಲಿಸಿ ಹಿಡೀರಿ. ಎರಡು ತುದಿ ಟೇಬಲ್‌ಗೆ ತಾಗ್ತಾವು, ನಡು ಗಾಳ್ಯಾಗ ನಿಲ್ತೈತಿ. ಈಗ ನಡುವ ಬೆರಳಿಟ್ಟು ಒತ್ರಿ, ಕಾಗದ ಬಿಲ್ಲಿನಂಗ ಬಾಗತೈತಿ. ಹಿಮದಾಗ ನಿಮ್ಮ ಬೆರಳಿನ ಜಾಗಾದಾಗ ನಿಮ್ಮ ತೂಕ ಇರ್ತೈತಿ ಅಷ್ಟ, ಆ ಬಿಲ್ಲಿನ ಗೆರಿನ ನಿಮ್ಮ ತಿರುವು. ನೆಟ್ಟಗಿರೋ ಪಟ್ಟಿ ಕತ್ತರಿಸಿ ಹಿಂಗ ಮಾಡಿದ್ರ ಅದು ಬಾಗಂಗಿಲ್ಲ, ಯಾಕಂದ್ರ ಪೂರಾ ಅಂಚು ಟೇಬಲ್‌ಗೆ ತಾಗಿ ಕುಂತಿರ್ತೈತಿ. ನೀವು ಸ್ಕೀನ ಜಾಸ್ತಿ ವಾಲಿಸಿದಷ್ಟು ಬಿಲ್ಲು ಜಾಸ್ತಿ ಬಾಗಿ ತಿರುವು ಸಣ್ಣದಾಗ್ತೈತಿ.

ಇನ್ನ ಲೆಕ್ಕ. ಸ್ಕೀ ಮ್ಯಾಲ 121-73-106 ಹಿಂಗ ಮೂರು ಅಂಕಿ ಇರ್ತಾವು, ಮುಂದಿನ ಅಗಲ, ನಡಾ, ಹಿಂದಿನ ಅಗಲ, ಎಲ್ಲಾ ಮಿಲಿಮೀಟರ್. ಮುಂದಿಂದು ಹಿಂದಿಂದು ಕೂಡಿಸಿ ಅರ್ಧಾ ಮಾಡ್ರಿ, 113.5 ಬರ್ತೈತಿ, ಅದರಾಗ 73 ಕಳೀರಿ, ಉಳಿದ 40.5ನ್ನ ಮತ್ತ ಅರ್ಧಾ ಮಾಡಿದ್ರ ಹತ್ರಹತ್ರ 20 ಮಿಲಿಮೀಟರ್, ಇದು ಒಂದ್ ಮಗ್ಗಲಿನ ಕಡತ. ಎರಡೂ ಅಗಲದ ಜಾಗಾದ ನಡುವಿನ ಉದ್ದ 1.5 ಮೀಟರ್ ಇದ್ರ ಆ ಉದ್ದದ ವರ್ಗಾ ಮಾಡಿ ಕಡತದ (ಮೀಟರ್ ಲೆಕ್ಕದಾಗ 0.02) 8 ಪಟ್ಟಿಂದ ಭಾಗಿಸ್ರಿ, ತಿರುವಿನ ತ್ರಿಜ್ಯ 14 ಮೀಟರ್ ಬರ್ತೈತಿ. ಭಾಳ ಸ್ಕೀ ಮ್ಯಾಲ ಈ ಅಂಕಿನೂ ಆರ್ ಅಕ್ಷರದ ಮುಂದ ಅಚ್ಚಾಗಿರ್ತೈತಿ. ಹೊಸದಾಗಿ ಕಲಿಯೋರಿಗೆ 11ರಿಂದ 15 ಚಲೋ. 1.8 ಮೀಟರ್ ಉದ್ದ, ಬರೇ 7 ಮಿಲಿಮೀಟರ್ ಕಡತ ಇರೋ ಹಳೇ ಸ್ಕೀಗೆ ಇದ ಲೆಕ್ಕ ಹಾಕಿದ್ರ 58 ಮೀಟರ್ ಬರ್ತೈತಿ, ಅಂಥಾದ್ದು ಕೊಟ್ರ ಅಲ್ಲೇ ವಾಪಸ್ ಕೊಡ್ರಿ. ಉದ್ದ ಅಂತೂ ನಿಲ್ಲಿಸಿದಾಗ ಗದ್ದದಿಂದ ಮೂಗಿನಮಟಾ ಬಂದ್ರ ಸಾಕು.

ಆಮ್ಯಾಲ ಸ್ಕೀ ತಿರುವಿ ಅಂಚು ನೋಡ್ರಿ. ಉಕ್ಕಿನ ಪಟ್ಟಿ ಇರ್ತೈತಿ. ಮದ್ಲ ಬರೇ ಕಟಗಿ ಇತ್ತು, ಗಟ್ಟಿ ಮಂಜುಗಡ್ಡಿ ಮ್ಯಾಲ ಹಿಡೀತಿದ್ದಿಲ್ಲ, ಅಂಚು ಬ್ಯಾರೆ ಸವೀತಿತ್ತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ರುಡಾಲ್ಫ್ ಲೆಟ್ನರ್ 1926ರಾಗ ಉಕ್ಕಿನ ಅಂಚಿಗೆ ಪೇಟೆಂಟ್ ತಗೊಂಡ. ಹೆಬ್ಬೆರಳಿನ ಉಗುರನ್ನ ಅಂಚಿಗೆ ಅಡ್ಡ ಎಳದು ನೋಡ್ರಿ, ಉಗುರಿನ ಪುಡಿ ಬಂದ್ರ ಹರತ ಐತಿ, ಜಾರಿದ್ರ ಮೊಂಡ ಆಗೈತಿ, ಹರತ ಮಾಡಿ ಕೊಡ್ರಿ ಅನ್ರಿ. ಅಂಚು ಮುರಿದಿದ್ರ ಬ್ಯಾಡ ಅನ್ರಿ. ತೆಳ್ಳಗ ತುಕ್ಕು ಇದ್ರ ನಡೀತೈತಿ.

ಮಗ್ಗಲಿಂದ ನೋಡಿದ್ರ ಪದರ ಪದರ ಕಾಣ್ತಾವು. ಇದು ಹವರ್ಡ್ ಹೆಡ್ ಅನ್ನೋ ಅಮೆರಿಕಾದ ವಿಮಾನದ ಎಂಜಿನಿಯರ್‌ನ ಕೆಲಸ, ಅಂವ ಬಾಡಿಗಿ ಕಟಗಿ ಸ್ಕೀ ಭಾರ ಅನಿಸಿ ವಿಮಾನ ಮಾಡೋ ರೀತಿನ ಇದಕ್ಕ ಹಚ್ಚಿದ, ನಡುವ ಪ್ಲೈವುಡ್, ಮ್ಯಾಲ ಕೆಳಗ ಅಲ್ಯೂಮಿನಿಯಂ. ಮುರಿದು ಮುರಿದು ಹೋದ್ವು, ಬಿಡಲಿಲ್ಲ, 1950ರಾಗ ಅಂಗಡಿಗೆ ಬಂತು. ಅದು ಎಷ್ಟು ಸಲೀಸು ತಿರುಗ್ತಿತ್ತು ಅಂದ್ರ ಮಂದಿ ಅದಕ್ಕ ಮೋಸದ ಸ್ಕೀ ಅಂತಿದ್ರಂತ! 1960ರ ಒಲಿಂಪಿಕ್ಸ್‌ದಾಗ ಫ್ರಾನ್ಸಿನ ಜಾನ್ ವ್ಯುಆರ್ನೆ ಲೋಹದ ಸ್ಕೀ ಹಾಕ್ಕೊಂಡು ಡೌನ್‌ಹಿಲ್ ಚಿನ್ನ ಗೆದ್ದ ಮ್ಯಾಲ ಕಟಗಿ ಕಾಲ ಮುಗೀತು. ನೀವು ಮಾಡೋದು ಇಷ್ಟ, ಪದರ ಎಲ್ಲೆರ ಬಿಟ್ಕೊಂಡೈತೇನು ತುದಿ ಹತ್ರ ನೋಡ್ರಿ, ನೀರು ಹೊಕ್ಕಿದ್ರ ಅದು ಕೆಟ್ಟಂಗ. ಹಿಂದಿನ ತುದಿ ನೆಲಕ್ಕ ಊರಿ, ಮುಂದಿನ ತುದಿ ಒಂದ್ ಕೈಲೆ ಹಿಡದು ಇನ್ನೊಂದ್ ಕೈಲೆ ನಡುವ ದಬ್ರಿ, ಸಲೀಸು ಬಾಗಿದ್ರ ಕಲಿಯೋರಿಗೆ ಚಲೋ.

ಎರಡೂ ಸ್ಕೀ ತಳಕ್ಕ ತಳ ಹಚ್ಚಿ ಹಿಡೀರಿ. ನಡುವ ಸಂದಿ ಕಂಡು ತುದಿ ಹತ್ರ ತಾಗಿದ್ರ ಅದು ಹಳೇ ಪದ್ಧತಿ, ಒತ್ತಿಸಿದ ಹಿಮಕ್ಕ ಬರೋಬ್ಬರಿ. ತುದಿ ಅಲ್ಲಿಗಿಂತ ಮದ್ಲ ಬಿಚ್ಕೊಂಡಿದ್ರ ಅದು ರಾಕರ್. ಶೇನ್ ಮೆಕ್‌ಕಾಂಕಿ ಅನ್ನೋ ಸ್ಕೀಗಾರ ಆಳ ಹಿಮದಾಗ ನೀರಿನ ಸ್ಕೀ ಹಾಕಿ ಇಳದಾಂವ, ಹಿಮ ನೀರಿನಂಗ, ಅದರಾಗ ತೇಲಬೇಕು ಅನ್ನೋ ವಿಚಾರ ಹಿಡದು 2002ರಾಗ ವೊಲಾಂಟ್ ಕಂಪನಿ ಕಡಿಂದ ಸ್ಪ್ಯಾಟುಲಾ ಅನ್ನೋ ಸ್ಕೀ ಮಾಡಿಸಿದ, ದೋಣಿಯಂಗ ಎರಡೂ ತುದಿ ಮ್ಯಾಲ. ಅದಕ್ಕಿಂತ ಮದ್ಲ ಅಟಾಮಿಕ್ ಕಂಪನಿದ ಅಗಲ ಸ್ಕೀ ಬಂದಿತ್ತು. ಗುಲ್ಮರ್ಗ್‌ದಾಗ ಗೊಂಡೋಲಾ (ತಂತಿ ಮ್ಯಾಲ ಹೋಗೋ ಗಾಡಿ) ಹತ್ತಿ ಅಫರ್ವತ್ ಗುಡ್ಡದ ಕಡೆ ಹೋಗೋರಿಗೆ 100 ಮಿಲಿಮೀಟರ್ ದಾಟಿದ ನಡಾ ಬೇಕು, ಕೆಳಗಿನ ಇಳಿಜಾರಾಗ ಕಲಿಯೋ ನಿಮಗ 70ರಿಂದ 80 ಸಾಕು. ಅಗಲದ್ದು ವಾಲಿಸಾಕ ಮೊಣಕಾಲಿಗೆ ಭಾರ, ಚೆಂದ ಕಾಣ್ತೈತಿ ಅಂತ ತಗೋಬ್ಯಾಡ್ರಿ.

ಬೈಂಡಿಂಗ್, ಅಂದ್ರ ಬೂಟನ್ನ ಸ್ಕೀಗೆ ಹಿಡದಿಡೋ ಕೊಂಡಿ, ಅದರ ವಿಷಯ ಮಾತ್ರ ಹಗುರ ತಗೋಬ್ಯಾಡ್ರಿ. 1937ರಾಗ ಅಮೆರಿಕಾದ ಪೋರ್ಟ್‌ಲ್ಯಾಂಡ್‌ದಾಗಿದ್ದ ಯಾಲ್ಮರ್ ವಾಮ್ ಅನ್ನೋ ಚಾಂಪಿಯನ್ ಸ್ಕೀಗಾರ ಬಿದ್ದು ಕಾಲು ಮುರ್ಕೊಂಡ, ಆಗ ಬೂಟು ಬಿಚ್ಕೊಳ್ಳೋ ಬೈಂಡಿಂಗ್ ಯೋಚನಿ ಮಾಡಿ ಮುಂದ ಪೇಟೆಂಟ್ ತಗೊಂಡ. ಇವತ್ತಿನ ಬೈಂಡಿಂಗ್ ಮ್ಯಾಲಿನ ಅಂಕಿ ಎಷ್ಟು ಜೋರಿಗೆ ಬಿಚ್ಕೋಬೇಕು ಅನ್ನೋದನ್ನ ಹೇಳ್ತೈತಿ, ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ನಿಮಗ ಎಷ್ಟು ಬರ್ತೈತಿ ಇಷ್ಟೂ ನೋಡಿ ಇಡ್ತಾರ. ತೂಕ ನಾಚಿ ಕಡಿಮಿ ಹೇಳಬ್ಯಾಡ್ರಿ, ಭಾಳ ಬರ್ತೈತಿ ಅಂತನೂ ಹೇಳಬ್ಯಾಡ್ರಿ, ಬಿದ್ದಾಗ ಬಿಚ್ಕೊಳ್ಳಲಿಲ್ಲಂದ್ರ ಮೊಣಕಾಲು ಹೋಗ್ತೈತಿ. ಅಂಗಡ್ಯಾಂವ ನಿಮ್ಮ ಮುಂದ ತಿರುಪು ತಿರುವಲಿಲ್ಲ, ಏನೂ ಕೇಳಲೂ ಇಲ್ಲ ಅಂದ್ರ ಮುಂದಿನ ಅಂಗಡಿಗೆ ನಡೀರಿ.

ಜೋಡಿ ಹೊಂದಿತು ಅಂದ್ರ ಅದರ ಮೂರು ಅಂಕಿ, ಉದ್ದ, ಬೈಂಡಿಂಗ್ ಅಂಕಿ ಮೊಬೈಲ್‌ದಾಗ ಫೋಟೋ ತಗೊಂಡ್ ಇಟ್ಕೋರಿ, ಮರುದಿನ ಮುಂಜಾನೆ ಗದ್ದಲದಾಗ ಅದನ್ನ ತೋರಿಸಿದ್ರ ಅದ ಜೋಡಿ ಹುಡುಕಿ ಕೊಡ್ತಾರ.